ಹದಿನೈದು ದಿನದ ನೆಂಟರು

"ಇನ್ನೊಂದು ಚೊಂಬು ಸುರಿಯೋ, ಬೆನ್ನಿನ ಕಡೆ ಇನ್ನೂ ನೆಂದಿಲ್ಲ," ಎಂದಳು ದೇವೀರತ್ತೆ.

ನಾನು ಹಂಡೆಯಿಂದ ಇನ್ನೊಂದು ಚೊಂಬು ತೋಡಿ ಸುರಿದೆ. ನೀರು ಹೊಗೆಯಾಡುತ್ತಿತ್ತು. ನೆಂಟರಿಗೆ ಬೆನ್ನು ಯಾವುದು, ಹೊಟ್ಟೆ ಯಾವುದು ಎಂದು ನನಗಂತೂ ತಿಳಿಯಲಿಲ್ಲ. ಅವರು ಒಂದು ಕಿಲೋ ತೂಕದ ಬೂದಿಬಣ್ಣದ ಪುಡಿಯಾಗಿ ಬಚ್ಚಲುಕಲ್ಲಿನ ಮೇಲಿನ ಹಿತ್ತಾಳೆ ಪರಾತದಲ್ಲಿ ಕೂತಿದ್ದರು. ಅತ್ತೆ ಆಗಲೇ ಅವರಿಗೆ ಹರಳೆಣ್ಣೆ ಹಚ್ಚಿ ಸೀಗೆಪುಡಿ ಉದುರಿಸಿದ್ದಳು. ಈಗ ಒಂದು ಹಿಡಿ ಅರಿಶಿನ ಹಾಕಿ ಮೊಣಕೈವರೆಗೆ ಕೈ ಇಳಿಸಿ ತಿಕ್ಕುತ್ತಿದ್ದಳು.

"ಇಷ್ಟು ಬಿಸಿ ತಡೀತಾರಾ ಅತ್ತೆ?"

"ನಿಮ್ಮ ಮಾವ ತಡೀತಿರಲಿಲ್ವಾ? ದಾರಿ ಸವೆಸಿ ಬಂದ ಮೈ ಕಣೋ, ಬಿಸಿನೀರು ಬಿದ್ದರೇ ಹಗುರ ಆಗೋದು. ನೆಂಟರಿಗೆ ತಣ್ಣೀರು ಹಾಕಿದ ಮನೆ ಅನ್ನಿಸಿಕೊಳ್ಳಲಾ?"

ಸ್ನಾನವಾದ ಮೇಲೆ ಪರಾತವನ್ನು ಅಂಗಳದ ಬಿಸಿಲಿಗಿಟ್ಟು ಮೈ ಒಣಗಿಸಿದೆವು. ನಡುಮನೆಯಲ್ಲಿ ಬಾಳೆಲೆ ಹಾಕಿ ಪಾಯಸ ಬಡಿಸಿದೆವು. ಮೂರು ದಿನವೂ ಹೀಗೆಯೇ. ನಾಲ್ಕನೇ ದಿನ ಜೆಸಿಂತಾ ಮೇಡಂ ಸ್ಕೂಟರಿನಲ್ಲಿ ಬಂದರು. ಪುಡಿ ತಂದುಕೊಟ್ಟವರು ಅವರೇ. ಹೊರಗಿನವರು, ಗಿಡಗಳ ರೋಗ ಓದಿಕೊಂಡವರು. ಪರಾತದೊಳಗೆ ಇಣುಕಿ, ಹಳದಿ ಮುದ್ದೆಯನ್ನು ಬೆರಳಲ್ಲಿ ಮುಟ್ಟಿ, ಮೂಗಿಗೆ ಹಿಡಿದರು.

"ಅಮ್ಮಾ, ಇವಕ್ಕೆ ಏನು ಮಾಡಿದಿರಿ?"

"ಯಾವುದಕ್ಕೂ ಕಡಿಮೆ ಮಾಡಿಲ್ಲ," ಎಂದಳು ಅತ್ತೆ ಹೆಮ್ಮೆಯಿಂದ, ಒಂದೊಂದಾಗಿ ಹೇಳಿದಳು. ಬಿಸಿನೀರು ಎಂದಾಗ ಮೇಡಂ ಕಣ್ಣು ಮುಚ್ಚಿದರು. ಬಿಸಿಲು ಎಂದಾಗ ಜಗಲಿಯ ಮೇಲೆ ಕೂತುಬಿಟ್ಟರು. ಅರಿಶಿನದ ಹೊತ್ತಿಗೆ ಕೈ ಎತ್ತಿ ಸಾಕು ಎಂದರು.

"ಸತ್ತುಹೋಗಿವೆ. ಕೋಟಿಗಟ್ಟಲೆ ಜೀವ ಇತ್ತು ಅದರಲ್ಲಿ. ಒಂದೂ ಉಳಿದಿರೋ ಹಾಗೆ ಕಾಣಲ್ಲ."

ದೇವೀರತ್ತೆ ಮೊದಲು ನನ್ನ ಮುಖ ನೋಡಿದಳು, ಆಮೇಲೆ ತನ್ನ ಕೈಗಳನ್ನು. ನಮ್ಮ ಊರಿನಲ್ಲೇ ಅಷ್ಟು ಚೊಕ್ಕ ಮನೆ ಇನ್ನೊಂದಿರಲಿಲ್ಲ. ಆ ಮನೆಯಲ್ಲಿ ನೆಂಟರು ಉಪಚಾರದಿಂದ ಸತ್ತಿದ್ದರು.

ನಮ್ಮ ಊರಿಗೆ ಹೊಸದಾಗಿ ಬಂದದ್ದು ಏನೇ ಇರಲಿ, ಯಾರದಾದರೂ ಮನೆಯಲ್ಲಿ ಮೂರು ದಿನ ಉಣ್ಣಬೇಕು. ಉಣ್ಣದ್ದು ನಾಲ್ಕನೇ ಬೆಳಿಗ್ಗೆ ಗಡಿಕಲ್ಲಿನ ಹತ್ತಿರ ಹೋಗಿ ಕೂತಿರುತ್ತದೆ. ಮೇಷ್ಟ್ರ ಹೊಸ ಕೊಡೆ ಹಾಗೆ ಎರಡು ಸಲ ಹೋಗಿ ಕೂತಿತ್ತು. ದರ್ಜಿಯ ಹೊಲಿಗೆಯಂತ್ರ ಅಷ್ಟು ಭಾರವಿದ್ದೂ ಹೋಗಿತ್ತು. ಒಬ್ಬ ಜುಗ್ಗ ತನ್ನ ಗೋಡೆಗಡಿಯಾರಕ್ಕೆ ಹಳಸಿದ ಅನ್ನ ಇಟ್ಟದ್ದಕ್ಕೆ ಅದು ಊರಲ್ಲೇನೋ ನಿಂತಿತು, ಆದರೆ ಇವತ್ತಿಗೂ ಅರ್ಧ ಗಂಟೆ ಹಿಂದೆ. ಉಣಿಸುವ ಹಕ್ಕಿರುವ ಮನೆಗಳ ಬಾಗಿಲ ಮೇಲೆ ಒಂದು ಹಿತ್ತಾಳೆ ಎಲೆ ತೂಗುತ್ತದೆ. ಗಡಿಕಲ್ಲಿನ ಹತ್ತಿರ ಒಬ್ಬ ಕಾವಲುಗಾರ ಇರುತ್ತಾನೆ. ಬಂದವರ ಕಾಲಿಗೆ ನೀರು ಕೊಡುವುದು, ವಾಪಸು ಬಂದು ಕೂತ ಸಾಮಾನುಗಳನ್ನು ಅವುಗಳ ಮನೆಗೆ ತಲುಪಿಸಿ ಬುದ್ಧಿ ಹೇಳುವುದು ಅವನ ಕೆಲಸ. ಆ ಕಾವಲುಗಾರ ನಾನು, ಗುರುಶಾಂತ. ಸೋಮಾರಿಗೆ ಹೇಳಿ ಮಾಡಿಸಿದ ಕೆಲಸ ಎಂದು ಅತ್ತೆಯ ಅಭಿಪ್ರಾಯ. ನನ್ನದೂ ಅದೇ.

ಆ ವರ್ಷ ಊರಿನ ಟೊಮೆಟೊ ಗಿಡಗಳಿಗೆ ಸೊರಗು ಬಂತು. ಗಿಡ ಹಸಿರಾಗಿಯೇ ಇರುತ್ತಿತ್ತು, ಎಲೆಯಲ್ಲಿ ಒಂದು ಚುಕ್ಕೆ ಇಲ್ಲ, ಹಳದಿ ಇಲ್ಲ. ಮಧ್ಯಾಹ್ನ ತಲೆ ಜೋಲಿಸುವುದು, ಸಂಜೆ ಏನೂ ಆಗಿಲ್ಲವೆಂಬಂತೆ ಎದ್ದು ನಿಲ್ಲುವುದು, ಮೂರನೆಯ ದಿನ ಮಲಗಿಬಿಡುವುದು. ಮೊದಲು ಮಲಗಿದ್ದು ದೇವೀರತ್ತೆಯ ತೋಟದಲ್ಲಿ. ಜೆಸಿಂತಾ ಮೇಡಂ ಮೊದಲ ಸಲ ಬಂದದ್ದು ಆಗಲೇ. ಸೊರಗಿದ ಗಿಡದ ಕಾಂಡ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಅದ್ದಿ ಹಿಡಿದರು. ನೋಡನೋಡುತ್ತಿದ್ದಂತೆ ಕಾಂಡದಿಂದ ಹಾಲಿನಂಥ ಒಂದು ಬಿಳಿ ಎಳೆ ನೀರಿಗಿಳಿಯಿತು.

"ಇದೇ ರೋಗ. ಕಣ್ಣಿಗೆ ಕಾಣದ ದುಂಡಾಣು. ಮಣ್ಣಲ್ಲಿದ್ದು ಬೇರಿಂದ ಒಳಗೆ ಹೋಗಿ, ನೀರು ಹತ್ತೋ ದಾರಿ ಕಟ್ಟಿಬಿಡುತ್ತೆ."

ಊರಿನ ಯಜಮಾನ ಷಡಕ್ಷರಪ್ಪನವರು ಲೋಟವನ್ನು ಬೆಳಕಿಗೆ ಹಿಡಿದರು. "ಎಷ್ಟು ಕೊಬ್ಬಿದಾನೆ ನೋಡಿ! ಬಂದವನು ಊರಲ್ಲಿ ನಿಂತಿದಾನೆ ಅಂದ್ರೆ ಯಾರೋ ಉಣಿಸಿದಾರೆ ಅಂತ ಅರ್ಥ. ಈ ಸಲ ಹೊರಗಿಂದ ಟೊಮೆಟೊ ಸಸಿ ತರಿಸಿ ಮೂರು ದಿನ ಒಬ್ಬಟ್ಟು ಬಡಿಸಿದೋರು ಯಾರು?"

ಬಡಿಸಿದ್ದು ದೇವೀರತ್ತೆ. ಒಬ್ಬಟ್ಟಲ್ಲ, ಕಾಯಿಹೋಳಿಗೆ. "ಸಸಿ ಬುಡ ಒಂದೊಂದೂ ತೊಳೆದು ಒಳಗೆ ಕರ್ಕೊಂಡಿದ್ದು ನಾನು. ಇಂಥೋನು ಬಂದಿದ್ರೆ ನನ್ನ ಕಣ್ಣಿಗೆ ಬೀಳ್ತಿದ್ದ," ಎಂದಳು. ಕಣ್ಣಿಗೆ ಕಾಣದವನು ಎಂದು ಈಗಷ್ಟೇ ಮೇಡಂ ಹೇಳಿದರಲ್ಲ ಎಂದು ಯಾರೋ ನಕ್ಕರು. ಯಜಮಾನರು ತೀರ್ಪು ಕೊಟ್ಟರು. ದೀಪಾವಳಿಯೊಳಗೆ ಸೊರಗನ್ನು ಊರು ಬಿಡಿಸಬೇಕು. ಇಲ್ಲದಿದ್ದರೆ ಅತ್ತೆಯ ಬಾಗಿಲಿನ ಎಲೆ ಎತ್ತಬೇಕು.

ಎಲೆ ಎತ್ತಿದ ಮನೆಯಲ್ಲಿ ಹೊಸದು ಯಾವುದೂ ನಿಲ್ಲುವುದಿಲ್ಲ. ಪಾತ್ರೆ ನಿಲ್ಲುವುದಿಲ್ಲ, ಕರು ನಿಲ್ಲುವುದಿಲ್ಲ. ಅತ್ತೆಯ ಒಬ್ಬಳೇ ಮಗಳು ಗಿರಿಜಾಂಬೆ ಚೊಚ್ಚಲ ಬಸುರಿ, ದೀಪಾವಳಿಯ ಹೊತ್ತಿಗೆ ಹೆರಿಗೆಗೆ ತವರಿಗೆ ಬರುವವಳಿದ್ದಳು. ಮಗು ಕೂಡ ಹೊಸದೇ. ತೊಟ್ಟಿಲು ಆಗಲೇ ಅಟ್ಟದಿಂದಿಳಿದು, ತೊಳೆಸಿಕೊಂಡು, ಮತ್ತೆ ತೊಳೆಸಿಕೊಂಡು, ನಡುಮನೆಯಲ್ಲಿ ತೂಗುತ್ತಿತ್ತು. ಅದಕ್ಕೇ ಮೇಡಂ ಒಳ್ಳೆಯ ದುಂಡಾಣುಗಳೂ ಇವೆ, ಅವನ್ನು ತಂದುಕೊಡುತ್ತೇನೆ ಎಂದಾಗ ಅತ್ತೆ ಮರುಮಾತಾಡದೆ ಬಚ್ಚಲಿಗೆ ಉರಿ ಹಾಕಿದ್ದಳು.

ನೆಂಟರನ್ನು ಕೊಂದ ಮನೆ ಎಂಬುದು ನಮ್ಮ ಊರು ಕಂಡು ಕೇಳದ ಮಾತು. ಷಡಕ್ಷರಪ್ಪನವರು ಗಡುವು ಮುಗಿಯುವವರೆಗೂ ಕಾಯಲಿಲ್ಲ. ಅದೇ ಮಧ್ಯಾಹ್ನ ಏಣಿ ತರಿಸಿ ಎಲೆ ಬಿಚ್ಚಿಸಿದರು. ಅತ್ತೆ ಏಣಿಯನ್ನು ಹಿಡಿದುಕೊಂಡಳು, ಹತ್ತಿದವನು ಬೀಳದಿರಲಿ ಎಂದು. ಎಲೆ ಕೈಗೆ ಬಂದಾಗ ಸೆರಗಿನಲ್ಲಿ ಒಮ್ಮೆ ಒರೆಸಿ ಕೊಟ್ಟಳು.

"ನನ್ನ ಹತ್ತಿರ ಇನ್ನೊಂದು ಪೊಟ್ಟಣ ಇದೆ," ಎಂದರು ಜೆಸಿಂತಾ ಮೇಡಂ, ಊರಕಟ್ಟೆಯಲ್ಲಿ ಸೇರಿದ್ದ ಎಲ್ಲರಿಗೂ ಕೇಳುವಂತೆ. "ಯಾರಾದ್ರೂ ಇಟ್ಟುಕೊಳ್ತೀರಾ? ಆದರೆ ಮೂರು ದಿನ ಸಾಲದು. ಹದಿನೈದು ದಿನ ಬೇಕು."

ಹದಿನೈದು ದಿನ ಕೂರುವ ನೆಂಟರೆಂದ ಕೂಡಲೇ ಅರ್ಧ ಜನಕ್ಕೆ ಮನೆಯಲ್ಲಿ ಕೆಲಸ ನೆನಪಾಯಿತು.

"ಬಂದು ಏನು ಮಾಡ್ತಾರೆ ಅವರು?" ಎಂದು ದರ್ಜಿ ಕೇಳಿದ. "ಸೊರಗನ್ನ ಹೊಡೀತಾರಾ?"

"ಸ್ವಲ್ಪ ಹೊಡೆದಾಟವೂ ಇರುತ್ತೆ. ಮುಖ್ಯವಾಗಿ ಇವರು ಮೊದಲೇ ಹೋಗಿ ಬೇರಿನ ಸುತ್ತ ಜಾಗ ಹಿಡಿದು ಕೂತುಬಿಡ್ತಾರೆ. ಆಮೇಲೆ ಬಂದವನಿಗೆ ಕೂರೋಕೆ ಜಾಗ ಇರಲ್ಲ, ಉಣ್ಣೋಕೆ ಏನೂ ಉಳಿದಿರಲ್ಲ."

ಇದು ಎಲ್ಲರಿಗೂ ತಕ್ಷಣ ಅರ್ಥವಾಯಿತು. ಮದುವೆ ಮನೆಯ ಮೊದಲ ಪಂಕ್ತಿಯನ್ನು ನೋಡದವರು ಯಾರಿದ್ದರು?

"ಅವರಿಗೆ ಏನು ಇಷ್ಟ?" ಎಂದಳು ದೇವೀರತ್ತೆ. ದನಿ ಸಣ್ಣದಾಗಿತ್ತು.

"ನೆರಳು. ತೇವ. ಚೆನ್ನಾಗಿ ಕಳಿತ ಹಳೇ ಕೊಟ್ಟಿಗೆ ಗೊಬ್ಬರ, ಒಂದಿಷ್ಟು ಬೇವಿನ ಹಿಂಡಿ, ಬೆಲ್ಲದ ನೀರು. ಬಿಸಿಲು ತಾಕಬಾರದು. ಸಾಬೂನು, ಫಿನಾಯಿಲ್ ಹತ್ತಿರ ಸುಳಿಯಬಾರದು. ಒದ್ದೆ ಗೋಣಿ ಹೊದಿಸಿ, ಅವರ ಪಾಡಿಗೆ ಬಿಟ್ಟುಬಿಡಬೇಕು. ಗುಡಿಸೋದು ಒರೆಸೋದು ಬೇಡವೇ ಬೇಡ."

ಕಟ್ಟೆಯ ಮೇಲಿದ್ದವರೆಲ್ಲ ಮೆಲ್ಲಗೆ ನನ್ನ ಕಡೆ ತಿರುಗಿದರು.

"ನನ್ನ ಮನೆ ಅಷ್ಟೇನೂ ಕೆಟ್ಟದಾಗಿಲ್ಲ," ಎಂದೆ.

"ಹೋದ ಆಷಾಢದಲ್ಲಿ ನಿನ್ನ ಗೋಡೆ ಮೇಲೆ ಅಣಬೆ ಎದ್ದಿತ್ತಲ್ಲೋ," ಎಂದ ದರ್ಜಿ.

ನನ್ನ ಬಾಗಿಲ ಮೇಲೂ ಒಂದು ಎಲೆ ಇತ್ತು. ಅಪ್ಪನ ಕಾಲದ್ದು, ಮಸಿ ಹಿಡಿದು ಕಾಗೆಯ ಬಣ್ಣಕ್ಕೆ ತಿರುಗಿತ್ತು. ಅಪ್ಪ ಹೋದ ಮೇಲೆ ಒಂದು ಸೂಜಿಯನ್ನೂ ಯಾರೂ ನನ್ನ ಮನೆಯಲ್ಲಿ ಉಣ್ಣಲು ಬಿಟ್ಟಿರಲಿಲ್ಲ. ಸೂಕ್ಷ್ಮಜೀವಿಗಳು ನನ್ನ ಮೊದಲ ನೆಂಟರು.

ಹಿಂದಿನ ಕೋಣೆಯಲ್ಲಿ ಗೊಬ್ಬರ ಹರಡಿ ಪುಡಿ ಬೆರೆಸಿದೆವು. ಎಲೆ ಎತ್ತಿಸಿಕೊಂಡವಳು ಉಣಿಸುವಂತಿಲ್ಲ, ಸಲಹೆ ಕೊಡಬಾರದು ಎಂದೇನೂ ಇರಲಿಲ್ಲ. ಅತ್ತೆ ದಿನವೂ ಬಂದು ಹೊಸ್ತಿಲ ಹೊರಗೆ ಕೂರುತ್ತಿದ್ದಳು. ಮೊದಲ ದಿನ ಅಭ್ಯಾಸಬಲದಿಂದ ಪೊರಕೆ ತಂದಿದ್ದಳು. ನಾನು ನೋಡಿದ ಮೇಲೆ ಅದನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

"ಆ ಮೂಲೆಯ ಜೇಡರಬಲೆನಾದ್ರೂ ತೆಗೆಯೋ."

"ನೆಂಟರಿಗೆ ಅದೇ ಇಷ್ಟ ಅತ್ತೆ."

"ಆ ಲುಂಗಿ? ಅದೂ ನೆಂಟರದಾ?"

ನನಗೆ ಅದು ಬದುಕಿನ ಸುವರ್ಣಕಾಲ. ಹುಟ್ಟಿದಾಗಿನಿಂದ ಬೈಸಿಕೊಂಡ ಒಂದೊಂದು ಚಾಳಿಗೂ ಈಗ ಅತಿಥಿಸತ್ಕಾರ ಎಂಬ ಹೆಸರು. ಅತ್ತೆ ಮಾತ್ರ ಕೂತಲ್ಲೇ ಬೆರಳು ಹಿಸುಕಿಕೊಳ್ಳುತ್ತಿದ್ದಳು. ಹೋದ ನೆಂಟರ ನೆನಪಾದರೆ ಗೋಡೆಯ ಕಡೆ ತಿರುಗುತ್ತಿದ್ದಳು. "ಕೋಟಿ ಜನ ಅಂದ್ರಲ್ಲೋ ಅವರು. ಒಬ್ಬರಾದ್ರೂ ಬಿಸಿ ಆಯ್ತು ಅನ್ನಬಾರದಾಗಿತ್ತಾ?" ಎಂದಳು ಒಂದು ಸಲ. ಬೆಲ್ಲದ ಉಂಡೆ ತಂದಾಗ ಇನ್ನೊಂದು ಚಿಂತೆ. ಅಷ್ಟು ಜನಕ್ಕೆ ಒಂದು ಉಂಡೆ ಹೇಗೆ ಸಾಲುತ್ತದೆ, ಹಿಂದಿನ ಸಾಲಿನವರಿಗೆ ಸಿಗದೇ ಹೋದರೆ? ನಾನು ಬೆಲ್ಲದ ನೀರನ್ನು ನಾಲ್ಕು ಮೂಲೆಗೂ ಚಿಮುಕಿಸಿ ತೋರಿಸುವವರೆಗೆ ಆಕೆ ಎದ್ದು ಹೋಗುತ್ತಿರಲಿಲ್ಲ. ತೇವ ನೋಡುವ ರೀತಿಯನ್ನು ಮೇಡಂ ಹೇಳಿಕೊಟ್ಟಿದ್ದರು. ಗೊಬ್ಬರವನ್ನು ಹಿಡಿಯಲ್ಲಿ ಅದುಮಿದರೆ ಉಂಡೆಯಾಗಬೇಕು, ಹನಿ ತೊಟ್ಟಿಕ್ಕಬಾರದು. ನಾನು ಹಿಡಿ ತಂದು ಹೊಸ್ತಿಲಲ್ಲಿ ತೋರಿಸಬೇಕು, ಆಕೆ ದೂರದಿಂದಲೇ ಹೂಂ ಎನ್ನಬೇಕು. ಒಂಬತ್ತನೆಯ ದಿನ ಕೋಣೆಯಿಂದ ಮೊದಲ ಮಳೆಯ ಮಣ್ಣಿನ ವಾಸನೆ ಬಂತು. ಅತ್ತೆ ಮೂಗು ಮುಚ್ಚಲು ಸೆರಗೆತ್ತಿದವಳು ಹಾಗೇ ನಿಂತಳು.

"ಉಂಡಿದಾರೆ ಕಣೋ," ಎಂದಳು.

ಮೇಡಂ ಬಂದರೆ ಎರಡು ದಿನ ಇದ್ದು ಹೋಗುವರು, ಮೂರನೆಯ ದಿನದ ಊಟಕ್ಕೆ ಎಂದೂ ನಿಲ್ಲುವವರಲ್ಲ. ನಮ್ಮ ಊರನ್ನು ಚೆನ್ನಾಗಿಯೇ ಅರ್ಥ ಮಾಡಿಕೊಂಡಿದ್ದರು. ಹನ್ನೆರಡನೆಯ ದಿನ ಬಂದವರು ನಾನು ಗೊಬ್ಬರ ತಿರುವಿ ಹಾಕುವುದನ್ನು ನೋಡುತ್ತ ಅತ್ತೆಗೆ ಹೇಳಿದರು: "ಸಸಿ ಬುಡ ತೊಳೆದಿದ್ದೆ ಅಂದ್ರಲ್ಲ. ನಿಮ್ಮ ಉಳಿದ ಸಸಿ ಪಾತಿನೂ ನೋಡಿದೆ, ಅಲ್ಲಿ ರೋಗ ಇಲ್ಲ. ನನಗನ್ನಿಸೋ ಪ್ರಕಾರ ಇದು ಮಣ್ಣಿನ ಜೊತೆ ಬಂದಿದೆ. ಬೇರೆ ಯಾವುದೋ ಊರಿನ ಹೊಲದ ಹಸಿ ಮಣ್ಣು, ಚಪ್ಪಲಿಗೋ ಗುದ್ದಲಿಗೋ ಚಕ್ರಕ್ಕೋ ಅಂಟಿಕೊಂಡು."

ನನ್ನ ಕೈ ಗೊಬ್ಬರದೊಳಗೆ ನಿಂತಿತು.

ಚಕ್ರ. ಯುಗಾದಿ ಕಳೆದ ವಾರ ಷಡಕ್ಷರಪ್ಪನವರು ಹೊಸ ಟಿಲ್ಲರ್ ತಂದಿದ್ದರು. ಹೊಸದೆಂದರೆ ಊರಿಗೆ ಹೊಸದು, ಬೇರೆಲ್ಲೋ ಎರಡು ವರ್ಷ ಉತ್ತದ್ದು. ಚಕ್ರಗಳ ತುಂಬ ಅಂಗೈ ದಪ್ಪ ಕೆಸರು. ನಾನು ಗಡಿಕಲ್ಲಿನ ನೆರಳಲ್ಲಿ ಮಲಗಿದ್ದವನು ಎದ್ದು, ಕೊಡ ಹುಡುಕುತ್ತ, "ಕಾಲಿಗೆ ನೀರು ಯಜಮಾನ್ರೇ," ಎಂದಿದ್ದೆ. "ಯಂತ್ರಕ್ಕೆ ಎಂಥಾ ಕಾಲೋ, ಮುಹೂರ್ತ ಮೀರುತ್ತೆ, ದಾರಿ ಬಿಡು," ಎಂದಿದ್ದರು ಅವರು. ಬಾವಿ ನೂರು ಹೆಜ್ಜೆ ದೂರವಿತ್ತು, ಬಿಸಿಲೂ ಇತ್ತು. ನಾನು ದಾರಿ ಬಿಟ್ಟೆ. ಟಿಲ್ಲರ್ ಮೂರು ದಿನ ಯಜಮಾನರ ಮನೆಯಲ್ಲಿ ಶ್ಯಾವಿಗೆ ಪಾಯಸ ಉಂಡಿತು, ಚಕ್ರದ ಕೆಸರಿನ ಸಮೇತ. ಅದು ಮೊದಲು ಇಳಿದದ್ದು ದೇವೀರತ್ತೆಯ ತೋಟಕ್ಕೆ. ಒಂಟಿ ಹೆಂಗಸು, ಉಪಕಾರವಾಗಲಿ ಎಂದು ಯಜಮಾನರೇ ಕಳಿಸಿದ್ದರು.

ಮೇಡಂ ಸ್ಕೂಟರ್ ಹತ್ತಿ ಹೋದ ಮೇಲೆ ಅತ್ತೆಗೆ ಎಲ್ಲ ಹೇಳಿದೆ.

"ನಿನಗೆ ಯಾವಾಗ ಗೊತ್ತಾಯ್ತು?"

"ಈಗ."

"ಸುಳ್ಳು."

"ಎಲೆ ಎತ್ತಿದ ದಿನ ಒಂದು ಸಲ ಅನುಮಾನ ಬಂದಿತ್ತು."

ಅತ್ತೆ ಪೊರಕೆ ಎತ್ತಿಕೊಳ್ಳುತ್ತಾಳೆ ಎಂದುಕೊಂಡೆ. ಎತ್ತಿಕೊಳ್ಳಲಿಲ್ಲ, ಅದೇ ಹೆಚ್ಚು ಉರಿಯಿತು. "ಆ ಎಡಗಡೆ ಗೋಣಿ ಒಣಗಿದೆ. ನೀರು ಚಿಮುಕಿಸು," ಎಂದು ಎದ್ದು ಹೋದಳು.

ಮಾರನೆಯ ದಿನ ಯಜಮಾನರ ಜಗಲಿಗೆ ಹೋಗಿ ನಡೆದದ್ದನ್ನು ಹೇಳಿದೆ.

"ಸಾಕ್ಷಿ ಯಾರು?" ಎಂದರು.

"ನಾನೇ."

"ನೀನಾ? ಗಡಿಕಲ್ಲಿನ ಹತ್ತಿರ ನೀನು ಎದ್ದಿದ್ದೆ ಅನ್ನೋದಕ್ಕೆ ಸಾಕ್ಷಿ ಯಾರೋ?" ಜಗಲಿಯ ಮೇಲಿದ್ದವರೆಲ್ಲ ನಕ್ಕರು. ನಿಜ ಹೇಳಬೇಕೆಂದರೆ ನನಗೂ ಸ್ವಲ್ಪ ನಗು ಬಂತು. ನಲವತ್ತು ವರ್ಷ ಸೋಮಾರಿಯಾಗಿದ್ದವನ ಮಾತಿಗೆ ಬೆಲೆ ಅಷ್ಟೇ.

ಹದಿನೈದನೆಯ ದಿನ ಅತ್ತೆಯ ತೋಟದ ಹೊಸ ಪಾತಿಗಳಿಗೆ ಗೊಬ್ಬರ ಹೋಯಿತು. ಕಾಯಿಹೋಳಿಗೆ ಉಂಡು ಆಗಲೇ ಊರಿನವಾಗಿದ್ದ ಉಳಿದ ಸಸಿಗಳನ್ನು ನೆಡುವ ಮುಂಚೆ ಅದೇ ಪುಡಿಯನ್ನು ತಣ್ಣೀರಿನಲ್ಲಿ ಕಲಸಿ ಬೇರುಗಳನ್ನು ಅರ್ಧ ಗಂಟೆ ಅದ್ದಿಡಬೇಕಿತ್ತು. ಬಕೆಟ್ ನೋಡಿ ಅತ್ತೆ ಹಿಂದೆ ಸರಿದಳು.

"ಇದು ಸ್ನಾನ ಅಲ್ಲ ತಾನೇ?"

"ಅಲ್ಲಮ್ಮಾ," ಎಂದರು ಮೇಡಂ. "ಗೃಹಪ್ರವೇಶ."

ಆಗಲೇ ಸೊರಗಿದ್ದ ಗಿಡಗಳು ಏಳಲಿಲ್ಲ. ಅವನ್ನು ಕಿತ್ತು ಸುಟ್ಟೆವು. ಹೊಸ ಸಸಿಗಳಲ್ಲೂ ಸಾಲಿಗೆ ಒಂದೆರಡು ಮಲಗಿದವು. ಎಲ್ಲವೂ ಉಳಿಯುತ್ತವೆಂದು ತಾವು ಹೇಳಿರಲಿಲ್ಲ ಎಂದು ಮೇಡಂ ನೆನಪಿಸಿದರು. ಉಳಿದವು ಮಧ್ಯಾಹ್ನದ ಬಿಸಿಲಲ್ಲೂ ತಲೆಯೆತ್ತಿ ನಿಂತವು. ಅತ್ತೆ ದಿನವೂ ಹನ್ನೆರಡು ಗಂಟೆಗೆ ಸರಿಯಾಗಿ ತೋಟಕ್ಕೆ ಹೋಗಿ ಸಾಲಿನಲ್ಲಿ ನಡೆಯುತ್ತಿದ್ದಳು, ತರಗತಿ ನೋಡಲು ಬಂದ ಹೆಡ್‌ಮಾಸ್ಟರ ಹಾಗೆ. ಹೂವಾಯಿತು, ಬಟಾಣಿಯಷ್ಟು ಕಾಯಾಯಿತು. ನಾನು ಎರಡನೆಯ ಗುಡ್ಡೆಗೆ ಗೊಬ್ಬರ ಹರಡಿದೆ. ನನ್ನ ನೆಂಟರು ಆ ಹೊತ್ತಿಗೆ ಮನೆಯವರೇ ಆಗಿದ್ದರು.

ದೀಪಾವಳಿಗೆ ಎಂಟು ದಿನವಿರುವಾಗ ಗಿರಿಜಾಂಬೆ ಬಂದಳು. ತವರಿನ ಬಾಗಿಲಿನಲ್ಲಿ ಎಲೆ ಇಲ್ಲದ ಮೊಳೆಯನ್ನು ಒಂದು ಗಳಿಗೆ ನೋಡಿ, ತಾಯಿಯ ಹಿಂದೆ ನನ್ನ ಮನೆಗೆ ನಡೆದಳು. ಉಣಿಸುವ ಹಕ್ಕಿದ್ದ ಮನೆ ಎಂದರೆ ನಮಗುಳಿದದ್ದು ಅದೊಂದೇ. ಆಗ ಶುರುವಾಯಿತು ಗಡಿ ಗಲಾಟೆ. ಮುಂದಿನ ಕೋಣೆ ಮಗುವಿಗೆ, ಅದು ಕನ್ನಡಿಯಂತಿರಬೇಕು. ಹಿಂದಿನ ಕೋಣೆ ನೆಂಟರಿಗೆ, ಅಲ್ಲಿ ಪೊರಕೆ ಸೋಕಬಾರದು. ನಡುವಿನ ಹೊಸ್ತಿಲಲ್ಲಿ ಅತ್ತೆ ಸುಣ್ಣದಲ್ಲಿ ಒಂದು ಗೆರೆ ಎಳೆದಳು. ನನ್ನ ಲುಂಗಿ ಯಾವ ಕಡೆಯದು ಎಂಬ ಬಗ್ಗೆ ಚರ್ಚೆ ನಡೆಯುತ್ತಿರುವಾಗಲೇ ಷಡಕ್ಷರಪ್ಪನವರು ಬಂದರು.

ಅವರು ನಡೆದು ಬಂದಿದ್ದರು. ಟಿಲ್ಲರ್ ತಿರುಗಿದಲ್ಲೆಲ್ಲ ಸೊರಗೂ ತಿರುಗಿ, ಅವರ ತೋಟದ ಗಿಡಗಳು ಸಾಲುಸಾಲೇ ಮಲಗಿದ ಸುದ್ದಿ ಊರಿಗೆಲ್ಲ ಗೊತ್ತಿತ್ತು. ಹೊಸ ಸಸಿ ತರಿಸಿ ಬಾವಿಕಟ್ಟೆಯಲ್ಲಿ ಇಟ್ಟಿದ್ದಾರೆ ಎಂಬುದೂ ಗೊತ್ತಿತ್ತು. ಅತ್ತೆ ನನ್ನ ಹಿತ್ತಲ ನೆರಳಲ್ಲಿ ಬಕೆಟ್ ಮುಂದೆ ಕೂತು ತನ್ನ ಮುಂದಿನ ಪಾತಿಯ ಸಸಿಗಳ ಬೇರು ಅದ್ದುತ್ತಿದ್ದಳು. ಮೊಣಕೈವರೆಗೆ ಕಪ್ಪು ಗೊಬ್ಬರ. ಯಜಮಾನರು ನಿಂತೇ ಇದ್ದರು. ನನ್ನ ಮನೆಯಲ್ಲಿ ಕೂರುವ ಜಾಗ ಹುಡುಕುವುದು ಕಷ್ಟ.

"ದೇವೀರಮ್ಮ, ಗಿಡ ಚೆನ್ನಾಗಿ ಬಂದಿದೆ."

"ಬಂದಿದೆ."

"ನನಗೂ ಒಂದು ನಾಲ್ಕು ಪುಟ್ಟಿ ಗೊಬ್ಬರ ಬೇಕಾಗಿತ್ತು."

"ಗೊಬ್ಬರ ಯಾರಿಗೂ ಇಲ್ಲ ಅಂದಿಲ್ಲ. ಶಾಂತ, ಯಜಮಾನರಿಗೆ ಪುಟ್ಟಿ ತುಂಬಿಕೊಡು. ಬಿಸಿಲು ತಾಕಿಸಬೇಡಿ, ಸಂಜೆ ಹೊತ್ತು ಹಾಕಿ. ಟಿಲ್ಲರ್ ಕಾಲು ತೊಳೆದಿದೀರಾ?"

ಯಜಮಾನರು ಒಮ್ಮೆ ನನ್ನನ್ನು ನೋಡಿದರು. ಮೊದಲ ಸಲ ನಾನು ಎದ್ದಿದ್ದೇನೆಂದು ನಂಬಿದವರ ಹಾಗೆ. "ನಿನ್ನೆ ತೊಳೆಸಿದೆ," ಎಂದರು ಮೆತ್ತಗೆ. ಆಮೇಲೆ ಹೆಗಲ ಮೇಲಿನ ವಸ್ತ್ರ ಬಿಚ್ಚಿ, ಅದರೊಳಗಿಂದ ಹಿತ್ತಾಳೆ ಎಲೆಯನ್ನು ತೆಗೆದರು. ಹುಣಸೆಹಣ್ಣು ಹಾಕಿ ಉಜ್ಜಿಸಿದ್ದರು. ಹಿತ್ತಲಿನ ಬಿಸಿಲೆಲ್ಲ ಅದರೊಳಗೇ ಸೇರಿದಂತಿತ್ತು. ಗಿರಿಜಾಂಬೆ ಒಂದು ಕೈ ಸೊಂಟದ ಮೇಲಿಟ್ಟುಕೊಂಡು ಬಾಗಿಲಿಗೆ ಬಂದು ನಿಂತಳು.

"ನಿನ್ನ ಮನೆ ಎಲೆ. ತಗೋ. ಮಗಳು ಬಂದಿದಾಳೆ, ಈ ಗೂಡಲ್ಲಿ ಯಾಕೆ ಹೆರಿಗೆ? ತೊಟ್ಟಿಲು ನಿನ್ನ ನಡುಮನೆಯಲ್ಲೇ ತೂಗಲಿ. ನಾಳೆ ಕಟ್ಟೆಗೆ ಬಂದು ಒಂದೇ ಒಂದು ಮಾತು, ಗೊತ್ತಿಲ್ಲದೆ ಉಣಿಸಿಬಿಟ್ಟೆ, ತಪ್ಪಾಯ್ತು ಅಂದುಬಿಡು. ನಾನು ಕ್ಷಮಿಸಿದೆ ಅಂತೀನಿ. ಊರಿಗೂ ಸಲೀಸು, ನಿನಗೂ ಸಲೀಸು."

"ನಿಮಗೆ?" ಎಂದೆ ನಾನು. ಯಾರೂ ನನ್ನ ಕಡೆ ನೋಡಲಿಲ್ಲ.

ಅತ್ತೆ ಕೈಯಲ್ಲಿದ್ದ ಸಸಿಯ ಬೇರನ್ನು ಬಕೆಟ್ಟಿನ ಅಂಚಿಗೆ ತಾಕಿಸಿ ನೀರು ಬಸಿದಳು. ಎಲೆಯನ್ನು ನೋಡಿದಳು. ಅದರ ತೊಟ್ಟಿನ ಹತ್ತಿರ ಉಜ್ಜಿದವರಿಗೆ ಸಿಗದೆ ಉಳಿದ ಒಂದು ಹಸಿರು ಕಲೆ ಇತ್ತು. ಅವಳ ಕಣ್ಣು ಅದರ ಮೇಲೆಯೇ ನಿಂತದ್ದು ನನಗೆ ಗೊತ್ತಾಯಿತು. ಗೊಬ್ಬರ ಮೆತ್ತಿದ ಬೆರಳು ತಾನಾಗಿಯೇ ಸೆರಗಿನ ಕಡೆ ಹೋಯಿತು, ಒರೆಸಲು. ಅರ್ಧ ದಾರಿಯಲ್ಲಿ ನಿಂತಿತು. ಮತ್ತೆ ಬಕೆಟ್ಟಿಗೆ ಇಳಿಯಿತು.

"ಬೇಡ," ಎಂದಳು ದೇವೀರತ್ತೆ, ಮತ್ತು ಮುಂದಿನ ಸಸಿ ಎತ್ತಿಕೊಂಡಳು.